ಓರ್ವಿಲ್ ಟಗಲ್ ಊರು ತೋರಿಸಿದ್ದು

ಜಾರ್ಜಿಯಾ ಸೀಮೆಯ ಮಿಲ್ಬರಿ ಊರನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಏಪ್ರಿಲ್‌ನಲ್ಲಿ ಅಜೇಲಿಯಾ ಹೂ ಅರಳಿ, ಹಳೆಯ ಬಂಗಲೆಗಳ ಬಾಗಿಲು ತೆರೆದು, ಊರಿನ ಹೆಂಗಸರು ಕೋಳಿ ಮುಚ್ಚುವ ಪಂಜರದಂಥ ಲಂಗ ತೊಟ್ಟು ಜಗುಲಿಯ ಮೇಲೆ ನಿಂತರೆಂದರೆ ಸರಿ, ಬಸ್ಸುಗಟ್ಟಲೆ ಮಂದಿ ಇಳಿದು, ಕಂಬ ಮುಟ್ಟಿ, 'ಆಹಾ' ಎಂದು ಫೋಟೋ ಹಿಡಿದು, ತಣ್ಣನೆಯ ಸಿಹಿ ಚಹಾ ಕುಡಿದು ಹೋಗುತ್ತಾರೆ. ಅದೇ ಊರಿನಲ್ಲಿ ಹುಟ್ಟಿ, ಅದೇ ಊರಿನಲ್ಲಿ ಕೂದಲು ಉದುರಿಸಿಕೊಂಡ ಓರ್ವಿಲ್ ಟಗಲ್ ಮಾತ್ರ ಆ ಬಂಗಲೆಗಳಲ್ಲಿ ಒಂದರ ಮೆಟ್ಟಿಲನ್ನೂ ಹತ್ತಿದವನಲ್ಲ. ಅವನು ಚೌಕದ ಬೂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಊರಿನ ಪಾದಗಳೆಲ್ಲ ಅವನಿಗೆ ಪರಿಚಯ. ಮೊಣಕಾಲಿನಿಂದ ಮೇಲಕ್ಕೆ ಊರು ಹೇಗಿದೆ ಎಂದು ಅವನು ಅಷ್ಟಾಗಿ ವಿಚಾರಿಸಿರಲಿಲ್ಲ.

ಹಾಗೆಯೇ ಇದ್ದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಓರ್ವಿಲ್‌ಗೆ ಒಬ್ಬ ಷಡ್ಡಕನಿದ್ದ. ಷಡ್ಡಕರು ಎಲ್ಲರಿಗೂ ಇರುತ್ತಾರೆ. ಓಹಾಯೋದ ಡ್ವೈಟ್‌ನಂಥವರು ಇರುವುದಿಲ್ಲ. ಡ್ವೈಟ್ ವಿಮೆ ಮಾರುವವನು. ರಜೆ ಬಂದರೆ ಸಾಕು, ಹೆಂಡತಿ ಮಾರ್ಲೀನ್‌ಳನ್ನು ಕಾರಿಗೆ ತುಂಬಿಕೊಂಡು ಕೋಟೆ, ಕೊತ್ತಲ, ಯುದ್ಧಭೂಮಿ ನೋಡಲು ಹೊರಡುತ್ತಿದ್ದ. ನೋಡಿ ಬಂದು ಸುಮ್ಮನಿರುತ್ತಿರಲಿಲ್ಲ. ಗೋಡೆಗೆ ಬಿಳಿ ದುಪ್ಪಟಿ ಕಟ್ಟಿ, ದೀಪ ಆರಿಸಿ, ನೆಂಟರನ್ನು ಕೂರಿಸಿ, ಸ್ಲೈಡು ತೋರಿಸುತ್ತಿದ್ದ.

ಕ್ರಿಸ್ಮಸ್ ದಿನ ಫೋನಿನಲ್ಲಿ ಡ್ವೈಟ್ ಕೇಳಿದ. "ಈ ವರ್ಷ ನಾವು ನೋಡದೇ ಇರೋ ಕೋಟೆನೇ ಇಲ್ಲ ಅನ್ನು. ನಿಮ್ಮೂರಲ್ಲಿ ಏನಿದೆಯಪ್ಪಾ ಪಾಪ, ಹತ್ತಿ ಗೋದಾಮಾ?"

ಆ 'ಪಾಪ' ಓರ್ವಿಲ್‌ನ ಎದೆಗೆ ಮುಳ್ಳಿನಂತೆ ಚುಚ್ಚಿತು. "ಏನಿದೆ ಅಂತ ಕೇಳ್ತೀಯಾ? ಡ್ವೈಟ್, ಇಲ್ಲಿನ ಹಳೇ ಬಂಗಲೆ ನೋಡ್ಕೊಳ್ಳೋ ಪರಂಪರೆ ಸಂಘಕ್ಕೆ ಉಪಾಧ್ಯಕ್ಷ ಯಾರು ಅಂದ್ಕೊಂಡಿದೀಯ? ನಾನು!"

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದ ಸದ್ದಾಯಿತು. ಅದು ಹೆಂಡತಿ ವರ್ನೆಲ್.

"ಅರೆ, ಹೇಳಲೇ ಇಲ್ವಲ್ಲಯ್ಯ!" ಎಂದ ಡ್ವೈಟ್. "ಹಾಗಾದ್ರೆ ಏಪ್ರಿಲ್‌ಗೆ ಬಂದೇಬಿಡ್ತೀವಿ. ಒಂದೊಂದನ್ನೂ ನೀನೇ ಬಿಡಿಸಿ ಹೇಳ್ಬೇಕು."

ಫೋನಿಟ್ಟ ಮೇಲೆ ವರ್ನೆಲ್ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು. "ನೀನ್ಯಾವಾಗ ಉಪಾಧ್ಯಕ್ಷ ಆದೆ?"

"ಈಗ ತಾನೆ," ಎಂದ ಓರ್ವಿಲ್.

ಅಂದಿನಿಂದ ಅವನ ನೆಮ್ಮದಿ ಹಾರಿತು. ನಿದ್ದೆಯಲ್ಲಿ ಬಿಳಿ ಕಂಬಗಳು ಸಾಲಾಗಿ ನಿಂತು 'ನಮ್ಮನ್ನು ಕಟ್ಟಿಸಿದ್ದು ಯಾರು ಹೇಳು' ಎಂದು ಕೇಳುತ್ತಿದ್ದವು. ಓದಿ ತಯಾರಾಗೋಣವೆಂದರೆ ಊರಿನ ಗ್ರಂಥಾಲಯದಲ್ಲಿ ಕೂರುವವಳು ಪರಂಪರೆ ಸಂಘದ ಅಧ್ಯಕ್ಷೆ ಮಿಸೆಸ್ ಓಗಿಲ್ವಿಯ ತಂಗಿ. ಪುಸ್ತಕ ಕೇಳಿದರೆ ಸುದ್ದಿ ಅಕ್ಕನಿಗೆ ಮುಟ್ಟುತ್ತದೆ. ಬೂಟು ಕೊಳ್ಳಲು ಬಂದವರನ್ನೇ ಮೆಲ್ಲಗೆ ಕೇಳಿ ನೋಡಿದ. "ನಮ್ಮ ಕೋರ್ಟು ಕಟ್ಟಡ ಯಾವ ಕಾಲದ್ದು ಸಾರ್?" ಅವರು ಕಾಲನ್ನು ಹಿಂದಕ್ಕೆಳೆದುಕೊಂಡು, "ಯಾಕ್ರೀ, ಕೇಸೇನಾದ್ರೂ ಬಿದ್ದಿದೆಯಾ?" ಎಂದರು.

ಏಪ್ರಿಲ್ ಬಂದೇ ಬಂದಿತು. ಡ್ವೈಟ್ ಚಡ್ಡಿ ತೊಟ್ಟು, ಕೊರಳಿಗೆ ಎರಡು ಕ್ಯಾಮೆರಾ ನೇತು ಹಾಕಿಕೊಂಡು, ಮಾರ್ಲೀನ್ ಜೊತೆ ಇಳಿದ.

ಮರುದಿನ ಬೆಳಿಗ್ಗೆ ಓರ್ವಿಲ್ ಪ್ರವಾಸಿಗರ ಕೈಪಿಡಿಯನ್ನು ಬನಿಯನ್ನಿನೊಳಗೆ ಬಚ್ಚಿಟ್ಟುಕೊಂಡು ಬಚ್ಚಲುಮನೆ ಸೇರಿ ಚಿಲಕ ಹಾಕಿದ. ಒಳಗಿನಿಂದ ಬಾಯಿಪಾಠದ ಗುನುಗು ಕೇಳುತ್ತಿತ್ತು. ವರ್ನೆಲ್ ಹೊರಗೆ ನಿಂತು ಬಾಗಿಲು ತಟ್ಟಿದಳು.

"ಓರ್ವಿಲ್, ಕೇಳಿಸ್ತಾ? ಮಿಸೆಸ್ ಹೆಸ್ಟರ್ ಕ್ಲೇಬರ್ನ್ ಹೋಗ್ಬಿಟ್ರಂತೆ ಪಾಪ. ಮೇಪಲ್ ಬೀದಿ ಮನೇಲೇ ಇಟ್ಟಿದಾರೆ, ಆಸ್ಪತ್ರೆ ಶವಾಗಾರ ಬೇಡ ಅಂತ ಮೊದಲೇ ಹೇಳಿದ್ರಂತೆ. ನಾನು ಚರ್ಚಿನ ಹೆಂಗಸರ ಜೊತೆ ಊಟ ಮಾಡಿ ತಗೊಂಡ್ ಹೋಗ್ತೀನಿ. ನೀನು ಆ ಬೀದಿ ಕಡೆ ಇವರನ್ನ ಕರ್ಕೊಂಡು ಹೋಗ್ಬೇಡ. ತಿಳೀತಾ?"

"ಹ್ಞೂಂ, ಹ್ಞೂಂ," ಎಂದ ಓರ್ವಿಲ್. ಅವನು ಆಗ ನಾಲ್ಕನೆಯ ಪುಟದಲ್ಲಿದ್ದ: 'ಮೇಪಲ್ ಬೀದಿಯ ಬಿಳಿ ಕಂಬದ ಮನೆ. ಹಳೆಯ ಕಾಲದ ಶೋಕಾಚರಣೆಯ ಪ್ರದರ್ಶನ, ಆ ಕಾಲದ ಉಡುಪು ತೊಟ್ಟ ಮೇಣದ ಬೊಂಬೆಗಳೊಡನೆ.'

ಮೇಪಲ್ ಬೀದಿಯಲ್ಲಿ ಬಿಳಿ ಕಂಬವಿಲ್ಲದ ಮನೆಯೇ ಇಲ್ಲ ಎಂಬುದನ್ನು ಕೈಪಿಡಿ ಬರೆದವರಾದರೂ ಯೋಚಿಸಬೇಕಿತ್ತು.

ಮೊದಲು ಕೋರ್ಟು ಕಟ್ಟಡ. ಓರ್ವಿಲ್ ಗಂಟಲು ಸರಿಮಾಡಿಕೊಂಡು ಗೋಪುರದ ಗಡಿಯಾರ ತೋರಿಸಿ, ಅದನ್ನು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ್ದು ಎಂದ. ಕೈಪಿಡಿಯಲ್ಲಿ ಅದು ಚರ್ಚಿನ ಗಂಟೆಯ ವಿಷಯವಾಗಿತ್ತು. ಡ್ವೈಟ್ ಕಣ್ಣು ಕಿರಿದು ಮಾಡಿ, "ಗಡಿಯಾರದ ಮೇಲೆ ಚಿಕಾಗೋ ಅಂತ ಬರೆದಿದೆಯಲ್ಲಯ್ಯಾ," ಎಂದ.

"ಹಡಗು ಚಿಕಾಗೋ ಮೇಲೆ ಬಂತು," ಎಂದ ಓರ್ವಿಲ್.

ಅಷ್ಟರಲ್ಲಿ ಕ್ಷೌರದಂಗಡಿಯವನು ಬಾಗಿಲಿನಿಂದ ಕೂಗಿದ. "ಏನೋ ಓರ್ವಿಲ್, ನೀನೂ ಊರು ನೋಡೋಕೆ ಹೊರಟ್ಯಾ! ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಅನ್ನು!"

"ಏನಂತಾನೆ ಅವನು?" ಎಂದಳು ಮಾರ್ಲೀನ್.

"ತಮಾಷೆ. ಯಾವಾಗ್ಲೂ ನೋಡ್ತಾನೇ ಇರ್ತೀನಲ್ಲ, ಅದಕ್ಕೆ," ಎಂದು ಓರ್ವಿಲ್ ಅವರಿಬ್ಬರ ಮೊಣಕೈ ಹಿಡಿದು ರಸ್ತೆ ದಾಟಿಸಿದ. ಊರಿನಲ್ಲಿ ತನ್ನನ್ನು ಬಲ್ಲವರು ಇಷ್ಟೊಂದು ಜನರಿದ್ದಾರೆಂದು ಅವನಿಗೆ ಅಂದೇ ಗೊತ್ತಾದದ್ದು. ಅಂಚೆಯವನು ಕಂಡರೆ ಮರದ ಮರೆ, ಔಷಧದಂಗಡಿಯವಳು ಕಂಡರೆ ಓಣಿ. ಹೀಗೆ ಕಳ್ಳನಂತೆ ಸಂದಿಗೊಂದಿ ಹಿಡಿದು ನಡೆದು, ಕೊನೆಗೆ ಅವನು ತಲುಪಿದ್ದು ಮೇಪಲ್ ಬೀದಿ.

ಬೀದಿಯ ನಡುವಿನ ಒಂದು ಮನೆಯ ಮುಂದೆ ಸಾಲುಸಾಲು ಕಾರು. ಬಾಗಿಲಿಗೆ ಕಪ್ಪು ಪಟ್ಟಿ ಕಟ್ಟಿದ ದುಂಡನೆಯ ಹೂಮಾಲೆ. ಜಗುಲಿಯ ಮೇಲೆ ಕಪ್ಪು ಕೋಟಿನ ಗಂಡಸರು ತಲೆ ತಗ್ಗಿಸಿ ಪಿಸುಗುಡುತ್ತಿದ್ದರು. ಓರ್ವಿಲ್‌ಗೆ ಬೆಳಗಿನಿಂದ ಮೊದಲ ಬಾರಿ ಜೀವ ಬಂದಂತಾಯಿತು. ಇದೇ! ಇಲ್ಲಿ ತಪ್ಪಾಗುವ ಪ್ರಶ್ನೆಯೇ ಇಲ್ಲ.

"ಬಾ ಡ್ವೈಟ್. ಶೋಕಾಚರಣೆ. ಇದನ್ನ ನೀನು ಎಲ್ಲೂ ನೋಡಿರಲ್ಲ."

ಗೇಟಿನಲ್ಲಿ ಕಾರುಗಳನ್ನು ನಿಲ್ಲಿಸುತ್ತಿದ್ದ ಪೊಲೀಸಿನವನು ಟೋಪಿ ತೆಗೆದ. "ಒಳಗ್ಹೋಗಿ ಸಾರ್. ಸಂಸಾರ ಸಮೇತ ಬಂದಿದೀರಿ, ಮನೆಯೋರಿಗೆ ಸಮಾಧಾನ ಆಗತ್ತೆ."

"ಟಿಕೆಟ್ಟು?" ಎಂದು ಡ್ವೈಟ್ ಜೇಬಿಗೆ ಕೈ ಹಾಕಿದ.

"ಉಪಾಧ್ಯಕ್ಷನ ಜೊತೆ ಬಂದೋರಿಗೆ ಟಿಕೆಟ್ಟಾ?" ಎಂದು ಓರ್ವಿಲ್ ನಕ್ಕ.

ಬಾಗಿಲಲ್ಲೇ ಒಂದು ಪುಸ್ತಕ, ಪಕ್ಕದಲ್ಲಿ ಪೆನ್ನು ಇತ್ತು. ಡ್ವೈಟ್ ಹೋದಲ್ಲೆಲ್ಲ ಇಂಥ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವವನು. ಇಲ್ಲೂ ದಪ್ಪಕ್ಷರದಲ್ಲಿ ಬರೆದ: 'ಬಹಳ ಚೆನ್ನಾಗಿದೆ. ಹೀಗೇ ಮುಂದುವರಿಸಿ. ಮತ್ತೆ ಬರುತ್ತೇವೆ.'

ಊಟದ ಕೋಣೆಯ ಮೇಜಿನ ಮೇಲೆ ಹಂದಿಮಾಂಸದ ದೊಡ್ಡ ತುಂಡು, ಕರಿದ ಕೋಳಿ, ಮಸಾಲೆ ತುಂಬಿದ ಮೊಟ್ಟೆ, ಬೆಣ್ಣೆ ಕೇಕು. "ಊಟನೂ ಸೇರಿಸಿದಾರೆ!" ಎಂದು ಡ್ವೈಟ್ ಎರಡು ಮೊಟ್ಟೆ ಬಾಯಿಗೆ ಹಾಕಿಕೊಂಡ. ಚಡ್ಡಿಯಲ್ಲಿ ನಿಂತು ಮೊಟ್ಟೆ ತಿನ್ನುವವನನ್ನು ಕಪ್ಪು ಕೋಟಿನವರು ನೋಡಿದರು. ಆದರೆ ಮಿಲ್ಬರಿಯವರು ಮರ್ಯಾದಸ್ಥರು; ದುಃಖ ಒಬ್ಬೊಬ್ಬರನ್ನು ಒಂದೊಂದು ಥರ ಮಾಡುತ್ತದೆ ಎಂದುಕೊಂಡು ಮುಖ ತಿರುಗಿಸಿದರು.

ಮುಂದಿನ ಹಾಲಿನಲ್ಲಿ, ಹೂವಿನ ರಾಶಿಯ ನಡುವೆ, ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬೂದುಬಣ್ಣದ ರೇಷ್ಮೆ ಉಟ್ಟು, ಕಣ್ಣು ಮುಚ್ಚಿ, ತುಟಿಯ ಮೇಲೆ ಒಂದು ಎಳೆ ನಗು ಇಟ್ಟುಕೊಂಡು ಮಲಗಿದ್ದ ಮುದುಕಿ.

ಮಾರ್ಲೀನ್ ಪೆಟ್ಟಿಗೆಯತ್ತ ಬಾಗಿದಳು. "ದೇವರೇ, ನಿಜವಾದೋಳ ಥರಾನೇ ಇದಾಳೆ."

"ಜೇನುಮೇಣ," ಎಂದ ಓರ್ವಿಲ್, ಕೈ ಹಿಂದೆ ಕಟ್ಟಿಕೊಂಡು. "ಈಗಿನವರ ಕೈಲಿ ಆಗೋ ಕೆಲಸ ಅಲ್ಲ. ಕೆನ್ನೆ ನೋಡು, ಆ ಕೆಂಪು ನೋಡು. ಒಂದೊಂದು ರೆಪ್ಪೆನೂ ಕೈಯಲ್ಲೇ ನೆಟ್ಟಿದಾರೆ."

ಡ್ವೈಟ್‌ನ ಕ್ಯಾಮೆರಾ ಫಳ್ಳೆಂದು ಮಿಂಚಿತು. ಆಮೇಲೆ ಅವನು ಪಕ್ಕಕ್ಕೆ ತಿರುಗಿದ. ಪೆಟ್ಟಿಗೆಯ ತಲೆಗಡೆ ಒಂದು ಕುರ್ಚಿಯಲ್ಲಿ ಇನ್ನೊಬ್ಬಳು ಮುದುಕಿ, ಕಪ್ಪು ಟೋಪಿ, ಕಪ್ಪು ಕೈಚೀಲ, ಅಲುಗಾಡದೆ ಕೂತಿದ್ದಳು. ಡ್ವೈಟ್ ಅವಳ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಇದು ಅಷ್ಟು ಚೆನ್ನಾಗಿ ಬಂದಿಲ್ಲ ಬಿಡು," ಎಂದ. "ಇಷ್ಟೊಂದು ಸುಕ್ಕು ಯಾರಿಗಾದ್ರೂ ಇರತ್ತಾ? ಮಲಗಿರೋಳಿಗೇ ಮೇಣ ಎಲ್ಲಾ ಖರ್ಚಾಗಿಹೋಗಿರ್ಬೇಕು."

ಓರ್ವಿಲ್ ವಿಷಾದದಿಂದ ತಲೆಯಾಡಿಸಿದ. "ಸಂಘಕ್ಕೆ ಹಣದ ಮುಗ್ಗಟ್ಟು."

ಷಡ್ಡಕ ಹೀಗೆ ತನ್ನ ಮಾತಿಗೆ ತಲೆದೂಗಿದ್ದು ಮದುವೆಯಾದಂದಿನಿಂದ ಇದೇ ಮೊದಲು. ಆ ಅಮಲು ಓರ್ವಿಲ್‌ನ ತಲೆಗೇರಿತು. ಅವನು ಮೂಲೆಯ ಪಿಯಾನೋದ ಮೇಲೆ ಕೈಯಿಟ್ಟು ಕೈಪಿಡಿಯಲ್ಲಿಲ್ಲದ ಪುಟಗಳನ್ನು ಓದತೊಡಗಿದ. "ಈ ಯಜಮಾನಿ ಸಾಯೋ ಮುಂಚೆ ಏನಂದ್ಲು ಗೊತ್ತಾ? 'ನನ್ನ ಪಿಯಾನೋ ಈ ಹೊಸ್ತಿಲು ದಾಟಕೂಡದು. ದಾಟಿದ್ರೆ ನಾನು ಎದ್ದು ಬರ್ತೀನಿ' ಅಂದ್ಲು!"

ಹಿಂದೆ ತಟ್ಟೆ ಬಿದ್ದು ಒಡೆಯಿತು.

ಬಾಗಿಲಲ್ಲಿ ಕಪ್ಪು ಉಡುಪಿನ, ಅತ್ತು ಕಣ್ಣು ಊದಿದ ಹೆಂಗಸೊಬ್ಬಳು ನಿಂತಿದ್ದಳು. ಅವಳು ಲೂಸಿಲ್, ಸತ್ತ ಹೆಸ್ಟರ್‌ಳ ಸೋದರಸೊಸೆ. "ಅತ್ತೆ ಹಾಗಂದ್ರಾ? ನಿಮ್ಮ ಹತ್ರ ಅಂದ್ರಾ?"

ಓರ್ವಿಲ್ ಅವಳನ್ನು ಮೆಚ್ಚುಗೆಯಿಂದ ನೋಡಿದ. ಸಂಘದವರು ಪಾತ್ರಧಾರಿಗಳನ್ನೂ ಇಟ್ಟಿದ್ದಾರೆ! ಇಂಥಲ್ಲಿ ನೋಡುವವನೂ ಜೊತೆಗೆ ಆಡಬೇಕೆಂದು ಅವನಿಗೆ ಗೊತ್ತಿತ್ತು. ಎದೆಯ ಮೇಲೆ ಕೈಯಿಟ್ಟು, "ಅಂದ್ರು ತಾಯಿ. ನನ್ನ ಎರಡು ಕಿವಿಯಾರೆ ಕೇಳಿದೀನಿ," ಎಂದು, ಅವಳಿಗೆ ಕಾಣದಂತೆ ಡ್ವೈಟ್‌ಗೆ ಕಣ್ಣು ಹೊಡೆದ.

"ಪ್ರೆಸ್ಟನ್!" ಎಂದು ಲೂಸಿಲ್ ಕೂಗಿದಳು. "ಪ್ರೆಸ್ಟನ್, ಬಾ ಇಲ್ಲಿ! ಅತ್ತೆ ಏನಂದಿದ್ರು ಕೇಳು ಬಾ!"

ಪ್ರೆಸ್ಟನ್ ಅವಳ ಅಣ್ಣ. ಅಗಲ ಭುಜದ, ಕೆಂಪು ಮುಖದ ಮನುಷ್ಯ. ಅವನ ಹಿಂದೆಯೇ ಜಗುಲಿಯ ಕಪ್ಪು ಕೋಟುಗಳೆಲ್ಲ ಒಳಗೆ ಬಂದವು. "ಯಾರು ನೀವು? ನಿಮ್ಮನ್ನ ನಾನು ನೋಡೇ ಇಲ್ವಲ್ಲ."

ಡ್ವೈಟ್ ಹೆಮ್ಮೆಯಿಂದ ಮುಂದೆ ಬಂದ. "ಇವರು ಯಾರು ಅಂತ ಕೇಳ್ತೀರಾ? ಪರಂಪರೆ ಸಂಘದ ಉಪಾಧ್ಯಕ್ಷರು ಸ್ವಾಮಿ!"

ಆ ಹೆಸರಿಗೆ ಪ್ರೆಸ್ಟನ್ ಸ್ವಲ್ಪ ಮೆತ್ತಗಾದ. ಅತ್ತೆ ಆ ಸಂಘದವರನ್ನು ಕರೆದು ಚಹಾ ಕೊಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. "ಮನೆ ವಿಚಾರ... ಮನೆ ವಿಚಾರ ಏನಾದ್ರೂ ಹೇಳಿದ್ರಾ?"

"ಹೇಳದೆ ಇರ್ತಾರಾ?" ಎಂದ ಓರ್ವಿಲ್. ಅವನನ್ನು ಈಗ ತಡೆಯುವವರೇ ಇರಲಿಲ್ಲ. "'ನನ್ನ ಮನೆ ಮಾರಿದೋನ ಕೈಗೆ ಹುಳ ಬೀಳ್ಲಿ' ಅಂದ್ರು!"

ಪ್ರೆಸ್ಟನ್‌ನ ಕೆಂಪು ಮುಖ ಬಿಳಿಚಿತು. ಅವನು ತನ್ನ ಕೈಗಳನ್ನು ನೋಡಿಕೊಂಡ. "ಅದು ಅತ್ತೆಯ ಮಾತೇ," ಎಂದು ತೊದಲಿದ. "ಹುಳ ಬೀಳ್ಲಿ. ಚಿಕ್ಕಂದಿನಿಂದ ನನಗೆ ಅದೇ ಬೈಗುಳ."

"ಎಂಥ ನಟ!" ಎಂದು ಓರ್ವಿಲ್ ಡ್ವೈಟ್‌ನ ಕಿವಿಯಲ್ಲಿ ಉಸುರಿದ. "ನೋಡು, ಬಣ್ಣ ಬದಲಾಯಿಸಿಬಿಟ್ಟ." ಹಾಗೆಂದು, ಈ ಮನೆಯಲ್ಲಿ ತನಗಿರುವ ಸಲಿಗೆಯನ್ನು ತೋರಿಸಲು ಪೆಟ್ಟಿಗೆಯತ್ತ ಬಾಗಿ, ಮೇಣದ ಮುದುಕಿಯ ಮುಂಗೈ ಮೇಲೆ ಮಡಿಸಿಹೋಗಿದ್ದ ಜಾಲರಿ ಬಟ್ಟೆಯನ್ನು ನೇವರಿಸಿ ಸರಿಮಾಡಿದ.

ಹೆಬ್ಬೆರಳಿಗೆ ಬ್ಯಾಂಡ್‌ಏಡ್ ಸುತ್ತಿತ್ತು.

ಓರ್ವಿಲ್ ಅದನ್ನು ನೋಡಿದ. ಮತ್ತೊಮ್ಮೆ ನೋಡಿದ. ಔಷಧದಂಗಡಿಯಲ್ಲಿ ಸಿಗುವ ಮಾಮೂಲಿ ಬ್ಯಾಂಡ್‌ಏಡ್. ಅಂಚಿನಲ್ಲಿ ಒಂದಿಷ್ಟು ಕಿತ್ತು ಬಂದಿತ್ತು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಳ್ಳುವ ಮೇಣದ ಬೊಂಬೆ ಭೂಮಿಯ ಮೇಲಿಲ್ಲ. ಬಚ್ಚಲುಮನೆಯ ಬಾಗಿಲಾಚೆಯಿಂದ ಬೆಳಿಗ್ಗೆ ಬಂದಿದ್ದ ವರ್ನೆಲ್‌ಳ ದನಿ ಈಗ, ಇಷ್ಟು ಹೊತ್ತು ದಾರಿ ತಪ್ಪಿ ಅಲೆಯುತ್ತಿದ್ದುದು, ಅವನ ಕಿವಿಗೆ ಬಂದು ತಲುಪಿತು.

ಅವನ ಬೂಟುಗಳು ಅವನನ್ನು ಕೇಳದೆ ಬಾಗಿಲತ್ತ ತಿರುಗಿದವು. "ಹೊರಡೋಣ ಡ್ವೈಟ್. ಇನ್ನೂ ಹತ್ತಿ ಗೋದಾಮು ನೋಡೋದಿದೆ."

"ಎಲ್ಲಿಗೆ ಹೊರಟ್ರಿ?" ಲೂಸಿಲ್ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. "ನಾನು ಬಡಕೊಂಡೆ, ಅತ್ತೆಗೆ ಮನೆ ಮಾರೋದು ಇಷ್ಟ ಇರ್ಲಿಲ್ಲ ಅಂತ. ಯಾರೂ ನಂಬಲಿಲ್ಲ. ಪೆಟ್ರೋಲ್ ಬಂಕಿಗೆ ಮಾರ್ತಾನಂತೆ ಇವನು! ನಾನು ಈ ಪಿಯಾನೋ ಮೇಲೆ ಪಾಠ ಕಲಿತೋಳು. ದೇವರೇ ನಿಮ್ಮನ್ನ ಕಳಿಸಿದಾನೆ."

ಓರ್ವಿಲ್‌ಗೆ ತೋಳು ಬಿಡಿಸಿಕೊಳ್ಳಲಾಗಲಿಲ್ಲ.

"ಸರಿ," ಎಂದ ಪ್ರೆಸ್ಟನ್, ಮುಖ ಒರೆಸಿಕೊಂಡು. "ನಾನೇನು ರಾಕ್ಷಸ ಅಲ್ಲ. ಈಗ ಪಾದ್ರಿಗಳು ಬರ್ತಾರೆ. ಅವರ ಮುಂದೆ, ಬೈಬಲ್ ಮೇಲೆ ಕೈಯಿಟ್ಟು, ಅತ್ತೆ ಹೀಗಂದಿದ್ರು ಅಂತ ನೀವು ಹೇಳಿ. ಹೇಳಿದ್ರೆ ನಾನು ಬಂಕಿನವರಿಗೆ ಇವತ್ತೇ ಇಲ್ಲ ಅಂದ್ಬಿಡ್ತೀನಿ."

"ಹೇಳ್ತಾರೆ, ಹೇಳ್ತಾರೆ," ಎಂದ ಡ್ವೈಟ್, ಬಾಯಲ್ಲಿ ಮೂರನೆಯ ಮೊಟ್ಟೆ ಇಟ್ಟುಕೊಂಡು. "ಇವನಿಗೆ ಎಲ್ಲಾ ಬಾಯಿಪಾಠ." ಪ್ರದರ್ಶನದ ಈ ಭಾಗ ಅವನಿಗೆ ಬಹಳ ಹಿಡಿಸಿತ್ತು.

ಯಾರೋ ಬೈಬಲ್ ತಂದರು. ಕೋಣೆಯಲ್ಲಿದ್ದವರೆಲ್ಲ ಅರ್ಧಚಂದ್ರಾಕಾರವಾಗಿ ನಿಂತರು. ಲೂಸಿಲ್ ಅವನ ಬಾಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದ ಆಸೆಯನ್ನು ಕಂಡು ಓರ್ವಿಲ್‌ಗೆ ಇನ್ನಷ್ಟು ಹೆದರಿಕೆಯಾಯಿತು. ಸುಳ್ಳು ಹೇಳಿದರೆ ಈ ಹೆಣ್ಣುಮಗಳಿಗೆ ಒಳ್ಳೆಯದಾಗುತ್ತದೆ. ತನ್ನ ಮಾನವೂ ಉಳಿಯುತ್ತದೆ. ನಿಜ ಹೇಳಿದರೆ ಡ್ವೈಟ್ ಮುಂದೆ, ಊರ ಮುಂದೆ, ಈ ಸತ್ತವಳ ಮುಂದೆ, ಮುಖವೆಂಬುದು ಉಳಿಯುವುದಿಲ್ಲ. ಅವನು ಮುಖ ಎತ್ತಲಾರದೆ ನೆಲ ನೋಡಿದ.

ನೆಲದ ಮೇಲೆ, ಬಾಗಿಲಿನಿಂದ ಒಳಕ್ಕೆ ಬರುತ್ತಿದ್ದ ಹೆಂಗಸರ ಬೂಟುಗಳು ಕಂಡವು. ಮೊದಲನೆಯದು ಕಂದು, ಅಗಲ ಮೂತಿಯದು, ಎಡಗಾಲಿನ ಬೆರಳುಗಂಟಿಗೆ ಜಾಗ ಬಿಟ್ಟು ಹಿಗ್ಗಿಸಿಕೊಟ್ಟದ್ದು. ಅವನೇ ಹಿಗ್ಗಿಸಿಕೊಟ್ಟಿದ್ದ. ಮಿಸೆಸ್ ಓಗಿಲ್ವಿ, ಪರಂಪರೆ ಸಂಘದ ಅಧ್ಯಕ್ಷೆ. ಅದರ ಪಕ್ಕದ ನೀಲಿ ಬೂಟನ್ನು ಅವನು ಹೆಂಡತಿಯ ಹೋದ ಹುಟ್ಟುಹಬ್ಬಕ್ಕೆ ಮನೆಗೇ ಒಯ್ದಿದ್ದ.

"ಓರ್ವಿಲ್," ಎಂದಿತು ನೀಲಿ ಬೂಟಿನ ದನಿ, ಕೈಯಲ್ಲಿ ಆಲೂಗಡ್ಡೆ ಪಲ್ಯದ ಬೋಗುಣಿ ಹಿಡಿದು. "ನೀನಿಲ್ಲಿ ಏನ್ ಮಾಡ್ತಿದೀಯ?"

"ಸಾಕ್ಷಿ ಹೇಳ್ತಿದಾರೆ," ಎಂದಳು ಲೂಸಿಲ್. "ಮಿಸೆಸ್ ಓಗಿಲ್ವಿ, ನಿಮ್ಮ ಉಪಾಧ್ಯಕ್ಷರಿಂದ ನಮ್ಮ ಮನೆ ಉಳೀತು."

"ನಮ್ಮ ಯಾರು?" ಎಂದರು ಮಿಸೆಸ್ ಓಗಿಲ್ವಿ. "ನಮ್ಮಲ್ಲಿ ಉಪಾಧ್ಯಕ್ಷ ಅನ್ನೋ ಹುದ್ದೆನೇ ಇಲ್ವಲ್ಲಮ್ಮ. ಇವನು ಬೂಟಿನ ಅಂಗಡಿ ಟಗಲ್ ಅಲ್ವಾ?"

ಡ್ವೈಟ್ ಅಗಿಯುವುದನ್ನು ನಿಲ್ಲಿಸಿದ. ವರ್ನೆಲ್ ಬೋಗುಣಿ ಹಿಡಿದೇ ಗಂಡನನ್ನು ನೋಡಿದಳು. ಅವಳು ಬೈದಿದ್ದರೆ ಓರ್ವಿಲ್ ಇನ್ನೊಂದು ಸುಳ್ಳು ಹೆಣೆಯುತ್ತಿದ್ದನೋ ಏನೋ. ಬೈಯದೆ ನೋಡಿದಳು. ಅದು ಅವನಿಂದ ತಡೆಯಲಾಗಲಿಲ್ಲ.

"ನಾನು ಉಪಾಧ್ಯಕ್ಷ ಅಲ್ಲ," ಎಂದು ಒಂದೇ ಉಸಿರಿನಲ್ಲಿ ಶುರುಮಾಡಿದ. "ನಾನು ಈ ಊರಲ್ಲಿ ಏನೂ ನೋಡಿಲ್ಲ. ಕೋರ್ಟಿನ ಗಡಿಯಾರ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನಿಮ್ಮತ್ತೆನೂ ನಂಗೆ ಗೊತ್ತಿಲ್ಲ ತಾಯಿ, ಅವರು ನಮ್ಮಂಗಡಿಗೆ ಬಂದವರೇ ಅಲ್ಲ. ಪಿಯಾನೋ, ಹುಳ, ಎಲ್ಲಾ ಬಾಯಿಗೆ ಬಂದದ್ದು. ಇದು ಪ್ರದರ್ಶನ ಅಂದ್ಕೊಂಡೆ. ಇವರು..." ಪೆಟ್ಟಿಗೆಯತ್ತ ನೋಡಲಾರದೆ ಬೆರಳು ಮಾತ್ರ ತೋರಿಸಿದ. "ಇವರನ್ನ ಮೇಣದ ಬೊಂಬೆ ಅಂದ್ಕೊಂಡೆ."

ಪ್ರೆಸ್ಟನ್ ಒಂದು ಹೆಜ್ಜೆ ಮುಂದೆ ಬಂದ. ಲೂಸಿಲ್ ಪಿಯಾನೋದ ಸ್ಟೂಲಿನ ಮೇಲೆ ಕುಸಿದು ಕೂತಳು. ಅವಳ ಮುಖದಿಂದ ಆಸೆ ಇಳಿದುಹೋದದ್ದನ್ನು ಓರ್ವಿಲ್ ನೋಡಿದ. ಬೆಳಗಿನಿಂದ ಪಟ್ಟ ಹೆದರಿಕೆಗಳೆಲ್ಲ ಸೇರಿ ಅದರ ಕಾಲುಭಾಗಕ್ಕೂ ಸಮನಾಗಲಿಲ್ಲ.

ಆಗ ಪೆಟ್ಟಿಗೆಯ ತಲೆಗಡೆಯ ಕುರ್ಚಿ ಕಿರುಗುಟ್ಟಿತು. "ಯಾಕೆ ಎಲ್ಲಾ ಸುಮ್ಮನಾದ್ರಿ? ಏನಂದ ಅವನು?"

ಸರಿಯಾಗಿ ಬಾರದ ಮೇಣದ ಬೊಂಬೆ ಕಣ್ಣು ಬಿಟ್ಟಿತ್ತು. ಡ್ವೈಟ್ ಕೀಚಲಾಗಿ ಒಂದು ಸದ್ದು ಮಾಡಿ ಮಾರ್ಲೀನ್‌ಳ ಹಿಂದೆ ಸರಿದ. ಅವಳು ಟೆಂಪಿ ಅಜ್ಜಿ, ಸತ್ತ ಹೆಸ್ಟರ್‌ಳ ತಂಗಿ. ಕಿವಿ ಮಂದ.

"ಏನಿಲ್ಲ ಚಿಕ್ಕತ್ತೆ," ಎಂದು ಪ್ರೆಸ್ಟನ್ ಕೂಗಿ ಹೇಳಿದ.

"ಏನಿಲ್ದೆ ನಿಮ್ಮ ಮುಖ ಹೀಗಿರತ್ತಾ? ಹೇಳೋ!"

"ಹೆಸ್ಟರ್ ಅತ್ತೆನ ಮೇಣದ ಬೊಂಬೆ ಅಂದ್ಕೊಂಡನಂತೆ!"

"ಯಾಕಂತೆ?"

ಓರ್ವಿಲ್ ತಾನೇ ಮುಂದೆ ಹೋಗಿ ಅವಳ ಕಿವಿಯ ಬಳಿ ಬಾಗಿದ. "ಕೆನ್ನೆ ಕೆಂಪಗಿತ್ತಮ್ಮ. ಸುಕ್ಕೇ ಇರ್ಲಿಲ್ಲ. ಮನುಷ್ಯರು ಇಷ್ಟು ಚೆನ್ನಾಗಿರೋಕೆ ಸಾಧ್ಯ ಇಲ್ಲ ಅನ್ನಿಸ್ತು. ಕ್ಷಮಿಸಿ."

"ಮತ್ತೆ ನನ್ನನ್ನ?"

ಇವತ್ತು ನಿಜ ಹೇಳಲು ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವುದು ಅವನಿಗೆ ತಿಳಿಯಲಿಲ್ಲ. "ನಿಮ್ಮನ್ನೂ ಬೊಂಬೆ ಅಂದ್ಕೊಂಡ್ವಿ. ಆದ್ರೆ... ಅಷ್ಟು ಚೆನ್ನಾಗಿ ಬಂದಿಲ್ಲ ಅಂದ್ಕೊಂಡ್ವಿ."

ಟೆಂಪಿ ಅಜ್ಜಿ ಅವನನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು. ಅವಳ ಗದ್ದ ನಡುಗತೊಡಗಿತು. ಅಳುತ್ತಾಳೆಂದು ವರ್ನೆಲ್ ಬೋಗುಣಿ ಇಟ್ಟು ಕರವಸ್ತ್ರ ತೆಗೆದಳು. ಆದರೆ ಅಜ್ಜಿಯ ಗಂಟಲಿನಿಂದ ಬಂದದ್ದು ತುಕ್ಕುಹಿಡಿದ ಪಂಪಿನಿಂದ ನೀರು ಬರುವಂಥ ಸದ್ದು. ಅವಳು ನಗುತ್ತಿದ್ದಳು.

"ಕೇಳಿಸ್ತೇನೇ ಹೆಸ್ಟರ್!" ಎಂದು ಪೆಟ್ಟಿಗೆಯ ಅಂಚು ತಟ್ಟಿದಳು. "ಹುಡುಗೀರಾಗಿದ್ದಾಗಿಂದ ಚೆನ್ನಾಗಿರೋಳು ನೀನು, ಬುದ್ಧಿವಂತೆ ನಾನು. ಸತ್ತಮೇಲಾದ್ರೂ ಸಮ ಆಗ್ತೀವಿ ಅಂದ್ಕೊಂಡಿದ್ದೆ ಕಣೇ. ಸತ್ತೂ ಸೋಲಿಸಿಬಿಟ್ಟೆಯಲ್ಲೇ ನನ್ನ!"

ಮೊದಲು ಫಕ್ಕೆಂದದ್ದು ಪ್ರೆಸ್ಟನ್. ಮುಖ ಮುಚ್ಚಿಕೊಂಡರೂ ಭುಜ ಕುಣಿಯಿತು. ಆಮೇಲೆ ಲೂಸಿಲ್, ಅಳುತ್ತಲೇ. ಅಣ್ಣತಂಗಿ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು, ಈಗ ಒಬ್ಬರ ತೋಳು ಒಬ್ಬರು ಹಿಡಿದು, "ಹುಳ ಬೀಳ್ಲಿ ಅಂದನಲ್ಲೋ!" "ಅಂದನಲ್ಲೇ!" ಎಂದು ಉಸಿರುಕಟ್ಟಿ ನಕ್ಕರು. ಕಪ್ಪು ಕೋಟುಗಳು ನಕ್ಕವು. ಮಿಸೆಸ್ ಓಗಿಲ್ವಿ ಮಾತ್ರ, ತಮ್ಮ ಪದವಿಗೆ ತಕ್ಕಂತೆ, ಕಿಟಕಿಯತ್ತ ತಿರುಗಿ ನಕ್ಕರು. ನಗದೇ ಇದ್ದವನು ಓರ್ವಿಲ್ ಒಬ್ಬನೇ.

ಟೆಂಪಿ ಅಜ್ಜಿ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. "ಪೆಟ್ಟಿಗೆ ಹೊರೋರಲ್ಲಿ ಇಬ್ಬರಿಗೆ ಸೊಂಟ ಹಿಡ್ಕೊಂಡಿದೆ. ನೀನೊಂದು ಕೈ ಹಿಡಿ ಮಗಾ. ಆ ಚಡ್ಡಿಯವನಿಗೂ ಹೇಳು. ನೋಡೋಕೆ ಬಂದೋರು ಬರೀ ನೋಡ್ಕೊಂಡು ಹೋದ್ರೆ ಹ್ಯಾಗೆ?"

ಡ್ವೈಟ್‌ಗೆ ಹೆಸ್ಟರ್‌ಳ ಗಂಡ ಬಿಟ್ಟುಹೋಗಿದ್ದ ಕಪ್ಪು ಪ್ಯಾಂಟು ತೊಡಿಸಿದರು. ಅದು ಕಣಕಾಲಿಗಿಂತ ಬಹಳ ಮೇಲಕ್ಕೇ ನಿಂತಿತು. ಕ್ಯಾಮೆರಾಗಳನ್ನು ವರ್ನೆಲ್ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿದಳು. ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿದರು. ಓರ್ವಿಲ್ ಮುಂದಿನ ಹಿಡಿಕೆ ಹಿಡಿದ. ಅವನ ಹಿಂದೆ ಡ್ವೈಟ್. ಮೇಪಲ್ ಬೀದಿಯ ಉದ್ದಕ್ಕೂ, ಪ್ರವಾಸಿಗರು ಟೋಪಿ ತೆಗೆದು ನಿಂತಿರಲು, ಕಂಬಕಂಬಗಳ ಮುಂದೆ, ಎಡವಿಬಿಟ್ಟರೇನು ಗತಿ ಎಂಬ ಒಂದೇ ಚಿಂತೆಯಲ್ಲಿ ಅವನು ನಡೆದ. ಎಡವಲಿಲ್ಲ.

ಸ್ಮಶಾನದಲ್ಲಿ ಎಲ್ಲ ಮುಗಿದ ಮೇಲೆ ಟೆಂಪಿ ಅಜ್ಜಿ ಅವನ ತೋಳು ಹಿಡಿದುಕೊಂಡಳು. "ಏನೂ ನೋಡಿಲ್ಲ ಅಂದೆಯಲ್ಲ. ಬಾ, ತೋರಿಸ್ತೀನಿ." ಕಲ್ಲಿನಿಂದ ಕಲ್ಲಿಗೆ ನಡೆಸಿದಳು. ಈತ ಜೂಜಿನಲ್ಲಿ ಗಿರಣಿ ಕಳೆದವನು; ಈಕೆ ಗಂಡನಿಗೆ ಉಪ್ಪಿಲ್ಲದ ಅಡುಗೆ ಬಡಿಸಿಯೇ ಸೇಡು ತೀರಿಸಿಕೊಂಡವಳು. ಕೊನೆಗೆ ಬೇಲಿಯಾಚೆ, ದೇವದಾರು ಮರಗಳ ಕೆಳಗೆ, ಹುಲ್ಲು ಬೆಳೆದು ತಗ್ಗುಬಿದ್ದ ಒಂದು ಜಾಗದ ಮುಂದೆ ನಿಂತಳು. ಅಲ್ಲಿ ಕಲ್ಲೇ ಇರಲಿಲ್ಲ.

"ಈಚೆ ಇರೋರು ಆ ಮನೇಲಿ ಕೂತು ಉಂಡೋರು," ಎಂದಳು. "ಕಟ್ಟಿದೋರು ಇಲ್ಲಿದಾರೆ. ಕೊಂಡು ತಂದ ಗುಲಾಮ ಆಳುಗಳು. ಕೈಪಿಡೀಲಿ ಇವರ ಪುಟ ಇದೆಯಾ?"

"ಇಲ್ಲಮ್ಮ," ಎಂದ ಓರ್ವಿಲ್. ಇಡೀ ಕೈಪಿಡಿ ಅವನಿಗೆ ಬಾಯಿಪಾಠವಾಗಿತ್ತು. ಅದೊಂದನ್ನು ಖಚಿತವಾಗಿ ಹೇಳಬಲ್ಲವನಾಗಿದ್ದ. ಟೋಪಿ ತೆಗೆದು ಅಜ್ಜಿಯ ಪಕ್ಕ ನಿಂತ.

ಮನೆ ಉಳಿಯಿತೇ ಎಂದು ಕೇಳಬಹುದು. ಪೆಟ್ರೋಲ್ ಬಂಕಿಗೆ ಹೋಗಲಿಲ್ಲ. ಪ್ರೆಸ್ಟನ್ ಅದನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಮಾರಿದ. ಈಗ ಆ ಬಿಳಿ ಕಂಬಗಳ ನಡುವೆ ಜನ ದವಡೆ ಹಿಡಿದುಕೊಂಡು ಕೂರುತ್ತಾರೆ. ಪಿಯಾನೋ ಮಾತ್ರ ಲೂಸಿಲ್ ಮನೆಗೆ ಹೋಯಿತು. ಹೊಸ್ತಿಲು ದಾಟಿಸುವಾಗ ಅಣ್ಣತಂಗಿ ಇಬ್ಬರೂ ಒಂದು ಕ್ಷಣ ನಿಂತು, ಮೇಲಕ್ಕೆ ನೋಡಿ, ಆಮೇಲೆ ನೂಕಿದರಂತೆ. ಯಾರೂ ಎದ್ದು ಬರಲಿಲ್ಲ.

ವರ್ನೆಲ್ ಆ ರಾತ್ರಿ ಗಂಡನಿಗೆ ಮಿಕ್ಕಿದ ಆಲೂಗಡ್ಡೆ ಪಲ್ಯ ಬಡಿಸಿದಳು. ಡ್ವೈಟ್ ನಡೆದದ್ದರ ಮಾತನ್ನೇ ಎತ್ತಲಿಲ್ಲ. ಇದು ಓರ್ವಿಲ್‌ನನ್ನು ಹೆಚ್ಚು ಕಂಗೆಡಿಸಿತು. ಬೆಳಿಗ್ಗೆ ಕಾರು ಹತ್ತುವಾಗ ಷಡ್ಡಕ ಅವನ ಕೈಯನ್ನು ಎಂದಿಗಿಂತ ಗಟ್ಟಿಯಾಗಿ ಕುಲುಕಿದನಷ್ಟೇ. ಓಹಾಯೋದಲ್ಲಿ ತನ್ನನ್ನು ಹೇಗೆ ಆಡಿಕೊಳ್ಳುತ್ತಿರಬಹುದೆಂದು ಓರ್ವಿಲ್ ಇಡೀ ಬೇಸಿಗೆ ಕೊರಗಿದ. ಫೋನು ಬಡಿದರೆ ಬೂಟಿನ ಪೆಟ್ಟಿಗೆಗಳ ಹಿಂದೆ ಅಡಗುತ್ತಿದ್ದ.

ವರ್ಷದ ಕೊನೆಗೆ ಮಾರ್ಲೀನ್ ತನ್ನ ಅಕ್ಕ ವರ್ನೆಲ್‌ಗೆ ಫೋನು ಮಾಡಿದಾಗ ಸಂಗತಿ ತಿಳಿಯಿತು. ಡ್ವೈಟ್ ಈ ಸಲ ನೆಂಟರನ್ನೆಲ್ಲ ಕೂರಿಸಿ, ದುಪ್ಪಟಿ ಕಟ್ಟಿ, ದೀಪ ಆರಿಸಿದನಂತೆ. ಕೋಟೆಗಳೆಲ್ಲ ಮುಗಿದ ಮೇಲೆ ಮಿಲ್ಬರಿಯ ಸರದಿ. ಸ್ಲೈಡು ಇರಲಿಲ್ಲ, ಹೆಸ್ಟರಮ್ಮನ ಆ ಒಂದು ಚಿತ್ರವನ್ನು ಅವನೇ ಹರಿದುಹಾಕಿದ್ದ. ಖಾಲಿ ಬಿಳಿ ದುಪ್ಪಟಿಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಹೇಳಿದನಂತೆ:

"ನೀವೆಲ್ಲಾ ಏನ್ ಪರಂಪರೆ ನೋಡಿದೀರ್ರೀ? ನನ್ನ ಷಡ್ಡಕನ ಊರಿಗೆ ಹೋಗಿ. ಅಲ್ಲಿ ತೋರಿಸೋದು ಮಾತ್ರ ಅಲ್ಲ, ಹೊರಿಸ್ತಾರೆ."